ತಣ್ಣನೆಯ ಸಾರಿಗೆ ವೋಡ್ಕಾ: ಕ್ಲಮಾಟೊ ತಂದು ಮನೆಯಲ್ಲೇ ಸೀಸರ್

ನಮ್ಮ ಫ್ರಿಜ್ಜಿನ ಬಾಗಿಲಲ್ಲಿ ಹಾಲಿನ ಪಕ್ಕ ಈಗ ಒಂದು ಕೆಂಪು ಬಾಟಲಿ ಖಾಯಂ ಆಗಿ ಕೂತಿದೆ. 1.89 ಲೀಟರ್. ಹೆಸರು ಕ್ಲಮಾಟೊ. ಕ್ಲಾಮ್ ಮತ್ತು ಟೊಮೇಟೊ, ಎರಡು ಹೆಸರನ್ನೂ ಕತ್ತರಿಸಿ ಅಂಟಿಸಿದ್ದಾರೆ. ಕ್ಲಾಮ್ ಅಂದರೆ ಕರಾವಳಿಯವರು ಮರುವಾಯಿ ಅನ್ನುತ್ತಾರಲ್ಲ, ಆ ಜಾತಿಯ ಚಿಪ್ಪಿನೊಳಗಿನ ಜೀವಿ. ಅದರ ಸಾರನ್ನು ಟೊಮೇಟೊ ರಸಕ್ಕೆ ಬೆರೆಸಿ ಬಾಟಲಿಗೆ ತುಂಬಿ ಮಾರುತ್ತಾರೆ, ಜನ ಅದನ್ನು ಗ್ಲಾಸಿಗೆ ಸುರಿದುಕೊಂಡು ಕುಡಿಯುತ್ತಾರೆ ಅಂತ ಕೆನಡಾದ ಕ್ಯಾಲ್ಗರಿಗೆ ಬಂದ ಹೊಸದರಲ್ಲಿ ಕೇಳಿದಾಗ ನಾನೂ ಮುಖ ಕಿವಿಚಿದವನೇ.

ಈಗ ಎರಡು ವರ್ಷದಿಂದ ಮನೆಯಲ್ಲೇ ಬೆರೆಸುತ್ತಿದ್ದೇನೆ. ಎಷ್ಟೋ ಗ್ಲಾಸು ಕೆಡಿಸಿದ್ದೇನೆ. ಅದರಿಂದ ತಿಳಿದದ್ದು ಇಷ್ಟು: ಈ ಬಾಟಲಿಯ ರಸವನ್ನು ಹಾಗೇ ಕುಡಿದರೆ ಸುಮಾರು, ಕೈಯಲ್ಲಿ ಹದ ಇದ್ದರೆ ಮಾತ್ರ ಅದು ಎದ್ದು ಕೂರುತ್ತದೆ. ಕಾಕ್‌ಟೈಲ್ ಅಂದುಕೊಂಡು ಅಳತೆ ನೋಡಿ ಬೆರೆಸುತ್ತಿದ್ದಷ್ಟು ದಿನ ನನ್ನದು ಒಮ್ಮೆಯೂ ಸರಿ ಬರಲಿಲ್ಲ. ಸಾರು ಅಂದುಕೊಂಡು, ಸೌಟಿನಲ್ಲಿ ರುಚಿ ನೋಡಿ ಉಪ್ಪು ಹುಳಿ ಖಾರ ಸರಿ ಮಾಡುವ ಹಾಗೆ ಬೆರೆಸಿದ ದಿನ ಬಂತು.

ಈ ರಸಕ್ಕೆ ವೋಡ್ಕಾ, ಮಸಾಲೆ ಬೆರೆಸಿದ ಮೇಲೆ ಅದರ ಹೆಸರು ಸೀಸರ್. ಬ್ಲಡಿ ಸೀಸರ್ ಅಂತ ಪೂರ್ತಿ ಹೆಸರು, ಆದರೆ ಇಲ್ಲಿ ಯಾರೂ ಅಷ್ಟುದ್ದ ಹೇಳುವುದಿಲ್ಲ. ಬ್ಲಡಿ ಮೇರಿ ಅನ್ನುವ ವೋಡ್ಕಾ ಕಾಕ್‌ಟೈಲ್ ಗೊತ್ತಿರುವವರಿಗೆ ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಅದರಲ್ಲಿ ಬರೀ ಟೊಮೇಟೊ ರಸ ಇರುತ್ತದೆ, ಇದರಲ್ಲಿ ಟೊಮೇಟೊ ಜೊತೆ ಕ್ಲಾಮ್ ಸಾರೂ ಇರುತ್ತದೆ. ಕೇಳೋಕೆ ಸಣ್ಣ ವ್ಯತ್ಯಾಸ. ನಾಲಿಗೆ ಮೇಲೆ ಸಣ್ಣದಲ್ಲ. ಮೇರಿ ದಪ್ಪ, ಕುಡಿದರೆ ಹೊಟ್ಟೆ ತುಂಬಿದ ಹಾಗೆ. ಸೀಸರ್ ತೆಳು, ಗಂಟಲಲ್ಲಿ ಸರಾಗ ಇಳಿಯುತ್ತದೆ, ಇಳಿದ ಮೇಲೂ ನಾಲಿಗೆಯ ಬದಿಯಲ್ಲಿ ಏನೋ ಒಂದು ಉಳಿದಿರುತ್ತದೆ.

ನಾನು ಮೊದಲ ಸೀಸರ್ ಕುಡಿದದ್ದು ಒಂದು ಬಾರಿನಲ್ಲಿ. ಹೆಸರು ಬೇಡ. ಗ್ಲಾಸಿನ ಮೇಲೆ ಕಡ್ಡಿಗೆ ಚುಚ್ಚಿದ ಒಂದು ಪುಟ್ಟ ಬರ್ಗರ್, ಎರಡು ಆನಿಯನ್ ರಿಂಗ್, ಒಂದು ಸಿಗಡಿ, ಜೊತೆಗೆ ಬೇಕನ್ ತುಂಡು. ತೇರು ಹೊರಟ ಹಾಗಿತ್ತು. ಎಲ್ಲರೂ ಫೋಟೊ ತೆಗೆದರು, ನಾನೂ ತೆಗೆದೆ. ಅಷ್ಟು ಹೊತ್ತಿಗೆ ಒಳಗಿನ ಐಸ್ ಕರಗಿ ಕೆಳಗಿನದು ಕೆಂಪು ನೀರಾಗಿತ್ತು. ಗ್ಲಾಸಿನ ಬಾಯಿಗೆ ಮೆತ್ತಿದ್ದ ಉಪ್ಪು ಎಷ್ಟಿತ್ತೆಂದರೆ ಮೊದಲ ಗುಟುಕಿಗೇ ತುಟಿ ಉರಿಯಿತು. ಇಪ್ಪತ್ತು ಡಾಲರ್ ಮೇಲೆ ಬಿಲ್ಲು, ಮೇಲೆ ಟಿಪ್ಸ್ ಬೇರೆ. ಇದಕ್ಕೆ ಯಾಕಪ್ಪಾ ಈ ದೇಶದವರು ಇಷ್ಟು ಕುಣಿಯುತ್ತಾರೆ ಅಂದುಕೊಂಡು ಎದ್ದು ಬಂದೆ. ಆಮೇಲೆ ಒಂದು ಭಾನುವಾರ ಸಹೋದ್ಯೋಗಿಯ ಮನೆಯಲ್ಲಿ ಬರೀ ಒಂದು ಸೆಲರಿ ದಂಟು, ಒಂದು ಲಿಂಬೆ ತುಂಡು ಇಟ್ಟು ಕೊಟ್ಟರು. ಅರ್ಧ ಗ್ಲಾಸಿಗೆ ಬರುವ ಹೊತ್ತಿಗೆ ನಾನು ಅವರ ಅಡುಗೆಮನೆಗೆ ಹೋಗಿ ಏನೇನು ಹಾಕಿದಿರಿ ಅಂತ ವಿಚಾರಿಸುತ್ತಿದ್ದೆ.

ಇನ್ನೊಂದು ವಿಷಯ ಅವತ್ತೇ ಗೊತ್ತಾಯಿತು. ಇದು ಹುಟ್ಟಿದ್ದು ಇದೇ ಕ್ಯಾಲ್ಗರಿಯಲ್ಲಿ. 1969ರಲ್ಲಿ ಕ್ಯಾಲ್ಗರಿ ಇನ್ ಅನ್ನುವ ಹೋಟೆಲಿನಲ್ಲಿ, ಆಮೇಲೆ ವೆಸ್ಟಿನ್ ಅಂತ ಆಯಿತಲ್ಲ ಅದೇ, ಹೊಸ ಇಟಾಲಿಯನ್ ರೆಸ್ಟೊರಂಟ್ ತೆರೆಯುವಾಗ ಅದಕ್ಕೊಂದು ಸ್ವಂತದ ಡ್ರಿಂಕ್ ಬೇಕು ಅಂತ ಅಲ್ಲಿನ ಮ್ಯಾನೇಜರ್ ವಾಲ್ಟರ್ ಶೆಲ್ ಅವರಿಗೆ ಕೆಲಸ ಕೊಟ್ಟರು. ಅವರಿಗೆ ಇಟಲಿಯ ಕ್ಲಾಮ್ ಹಾಕಿದ ಸ್ಪಗೆಟಿ ನೆನಪಾಯಿತು, ವೊಂಗೊಲೆ ಅನ್ನುತ್ತಾರೆ. ತಟ್ಟೆಯಲ್ಲಿ ಇರುವ ರುಚಿ ಗ್ಲಾಸಿನಲ್ಲಿ ಯಾಕೆ ಬರಬಾರದು ಅಂತ ಕ್ಲಾಮ್ ಜಜ್ಜಿ ರಸ ತೆಗೆದು ಟೊಮೇಟೊ ರಸ, ವೋಡ್ಕಾ, ವೂಸ್ಟರ್ ಸಾಸ್ ಅನ್ನುವ ಹುಳಿ ಉಪ್ಪಿನ ಕಂದು ಸಾಸ್ ಎಲ್ಲ ಸೇರಿಸಿ ತಿಂಗಳುಗಟ್ಟಲೆ ಹದ ಹುಡುಕಿದರಂತೆ. ಅವರ ಮೊದಲಿನ ಪಾಕದಲ್ಲಿ ಓರೆಗಾನೊ ಕೂಡ ಇತ್ತಂತೆ. ಈಗ ಅದನ್ನು ಹಾಕುವವರು ಅಪರೂಪ.

ಬಾಟಲಿಯ ಕಥೆ ಬೇರೆ. ಕ್ಲಮಾಟೊ 1960ರ ದಶಕದಲ್ಲೇ ಅಮೆರಿಕದ ಕಂಪನಿಯೊಂದು ಮಾಡಿ ಮಾರುತ್ತಿತ್ತು. ಟೊಮೇಟೊ, ಕ್ಲಾಮ್, ವೋಡ್ಕಾ ಬೆರೆಸುವುದೂ ಅಲ್ಲಿ ಸ್ವಲ್ಪ ಚಾಲ್ತಿಯಲ್ಲಿತ್ತು. ಆದರೆ ಅಲ್ಲಿ ಅದು ಹಿಡಿಯಲಿಲ್ಲ. ಶೆಲ್ ಅವರ ಸೀಸರ್ ಬಂದ ಮೇಲೆ ಕೆನಡಾದಲ್ಲಿ ಬಾಟಲಿಯ ಅದೃಷ್ಟ ಖುಲಾಯಿಸಿತು, ಯಾಕೆಂದರೆ ಮನೆಯಲ್ಲಿ ಯಾರು ಕೂತು ಕ್ಲಾಮ್ ಜಜ್ಜುತ್ತಾರೆ ಹೇಳಿ. ಈಗ ಗಡಿಯಾಚೆ ಹೋಗಿ ಸೀಸರ್ ಕೊಡಿ ಅಂದರೆ ಸೀಸರ್ ಸಲಾಡ್ ತಂದಿಡುವ ಸಾಧ್ಯತೆಯೇ ಜಾಸ್ತಿ. ಇಲ್ಲಿ ಮಾತ್ರ ಮೇ ತಿಂಗಳ ವಿಕ್ಟೋರಿಯಾ ಡೇ ರಜೆಗೆ ಮುಂಚಿನ ಗುರುವಾರವನ್ನು ಸೀಸರ್ ದಿನ ಅಂತಲೇ ಆಚರಿಸುತ್ತಾರೆ.

ನನಗೆ ಇದರಲ್ಲಿ ತಮಾಷೆ ಅನ್ನಿಸುವುದು ಒಂದೇ. ಕ್ಯಾಲ್ಗರಿಯಿಂದ ವ್ಯಾಂಕೂವರ್ ಸಮುದ್ರಕ್ಕೆ ರಸ್ತೆಯಲ್ಲಿ ಹೆಚ್ಚುಕಡಿಮೆ 970 ಕಿಲೋಮೀಟರ್, ನಡುವೆ ರಾಕಿ ಪರ್ವತ. ದನದ ಊರು, ಗೋಧಿ ಊರು. ಅಂಥ ಕಡೆ ಕೂತು ಒಬ್ಬರು ಸಮುದ್ರದ ರುಚಿಯ ಪಾನೀಯ ಕಂಡುಹಿಡಿದರು, ಅದನ್ನು ದೇಶವೇ ತನ್ನದು ಮಾಡಿಕೊಂಡಿತು.

ಸರಿ, ಬಾಟಲಿಗೆ ಬರೋಣ.

ಲೇಬಲ್ ತಿರುಗಿಸಿ ನೋಡಿ. ನೀರು, ಟೊಮೇಟೊ ಪೇಸ್ಟ್, ಸಕ್ಕರೆ ಪಾಕ, ಉಪ್ಪು, ಎಂಎಸ್‌ಜಿ ಅಂದರೆ ಅಜಿನೊಮೊಟೊ, ಸಿಟ್ರಿಕ್ ಆಮ್ಲ, ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಸೆಲರಿ ಬೀಜ, ಮಸಾಲೆ. ಕ್ಲಾಮ್ ಎಲ್ಲಿ ಅಂತ ಹುಡುಕಬೇಕು. ಒಣಗಿಸಿದ ಕ್ಲಾಮ್ ಸಾರು ಅಂತ ಕೆಳಗೆಲ್ಲೋ ಬರುತ್ತದೆ. ಅಂದರೆ ಇರುವುದು ಚಿಟಿಕೆಯಷ್ಟು. ಮೀನಿನ ವಾಸನೆ ಬರುತ್ತದೇನೋ ಅಂತ ಹೆದರುವವರು ನಿಶ್ಚಿಂತೆಯಿಂದ ಮುಚ್ಚಳ ತೆಗೆಯಬಹುದು. ಮೂಗಿಗೆ ಬರುವುದು ಟೊಮೇಟೊ ಮತ್ತು ಸೆಲರಿ ವಾಸನೆ, ಅಷ್ಟೇ. ಹಾಗಾದರೆ ಕ್ಲಾಮ್ ಯಾಕೆ ಅಂತ ಕೇಳಬಹುದು. ನಾನೂ ಕೇಳಿಕೊಂಡೆ. ಅದಕ್ಕೆ ಉತ್ತರ ಮೂಗಿನಲ್ಲಿಲ್ಲ, ನಾಲಿಗೆಯಲ್ಲಿದೆ.

ಜಪಾನಿನ ಕಿಕುನೆ ಇಕೆಡಾ ಅನ್ನುವ ವಿಜ್ಞಾನಿ 1908ರಲ್ಲಿ ಸಮುದ್ರ ಪಾಚಿಯ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಹಣ್ಣಾದ ಟೊಮೇಟೊದಲ್ಲಿ ಈ ಗ್ಲುಟಮೇಟ್ ತಾನಾಗಿಯೇ ಧಾರಾಳ ಇರುತ್ತದೆ. ಚಿಪ್ಪು, ಮೀನು ಇವುಗಳಲ್ಲಿ ಬೇರೆ ಜಾತಿಯ ಕೆಲವು ವಸ್ತುಗಳಿವೆ. ಅವು ಗ್ಲುಟಮೇಟ್ ಜೊತೆ ಸೇರಿದಾಗ ರುಚಿ ಬರೀ ಕೂಡಿಕೊಂಡು ನಿಲ್ಲುವುದಿಲ್ಲ, ಹಲವು ಪಟ್ಟು ಏರುತ್ತದೆ. ಕ್ಲಾಮಿನಲ್ಲಿ ಸಕ್ಸಿನಿಕ್ ಆಮ್ಲ ಅಂತ ಒಂದಿದೆ, ಚಿಪ್ಪಿನ ಸಾರಿಗೆ ಅದರದೇ ಆದ ಒಂದು ರುಚಿ ಇರುತ್ತದಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ಇನ್ನು ವೂಸ್ಟರ್ ಸಾಸಿನಲ್ಲಿ ಆಂಚೊವಿ ಅನ್ನುವ ಪುಟ್ಟ ಮೀನು ಹುದುಗಿಸಿ ಹಾಕಿರುತ್ತಾರೆ. ಹೀಗೆ ಇವೆಲ್ಲ ಸೇರಿ ರುಚಿಯನ್ನು ಆ ಉಮಾಮಿಯ ಕಡೆಗೇ ತಳ್ಳುತ್ತವೆ. ಎರಡನೇ ಗುಟುಕು ಬೇಕು ಅನ್ನಿಸುವುದು ವೋಡ್ಕಾದಿಂದ ಅಲ್ಲ, ಇದರಿಂದ.

ಬಾಟಲಿಯ ರಸದ ದೋಷ ಅಂದರೆ ನನ್ನ ನಾಲಿಗೆಗೆ ಸಿಹಿ ಒಂಚೂರು ಜಾಸ್ತಿ. ಕೆಲವರಿಗೆ ಅದೇ ಇಷ್ಟ. ನಾನು ಲಿಂಬೆ ಹಿಂಡಿ ಸರಿ ಮಾಡಿಕೊಳ್ಳುತ್ತೇನೆ. ಉಪ್ಪು ಕೂಡ ಕಡಿಮೆ ಏನಿಲ್ಲ. ಬಿಪಿ ಇರುವವರು ಲೇಬಲ್ಲಿನ ಸೋಡಿಯಂ ಸಾಲು ಓದದೆ ಎರಡನೇ ಗ್ಲಾಸಿಗೆ ಕೈ ಹಾಕಬೇಡಿ. ಮೇಲೆ ಗ್ಲಾಸಿನ ಬಾಯಿಗೂ ಉಪ್ಪು ಹಚ್ಚುತ್ತೇವೆ ಅನ್ನುವುದು ನೆನಪಿರಲಿ.

ಇನ್ನು ಬೆರೆಸುವುದು. ಇಲ್ಲಿಯವರಿಗೆ ಬಾಯಿಪಾಠ ಆಗಿರುವ ಒಂದು ಲೆಕ್ಕ ಇದೆ, ಒಂದು ಎರಡು ಮೂರು ನಾಲ್ಕು ಅಂತ. ಒಂದು ಔನ್ಸ್ ವೋಡ್ಕಾ, ಎರಡು ಸಲ ಖಾರದ ಸಾಸ್ ಚಿಮುಕಿಸುವುದು, ಮೂರು ಸಲ ಉಪ್ಪು ಮೆಣಸು, ನಾಲ್ಕು ಸಲ ವೂಸ್ಟರ್ ಸಾಸ್. ಆಮೇಲೆ ಗ್ಲಾಸ್ ತುಂಬ ಕ್ಲಮಾಟೊ, ನಾಲ್ಕರಿಂದ ಆರು ಔನ್ಸ್. ಔನ್ಸ್ ಅಂದರೆ ಸುಮಾರು 30 ಮಿಲಿಲೀಟರ್. ಹೊಸಬರಿಗೆ ಇದು ಒಳ್ಳೆಯ ಲೆಕ್ಕ, ಮೊದಲ ಮೂರು ಸಲ ಹೀಗೇ ಮಾಡಿ. ಆದರೆ ಇದನ್ನೇ ಹಿಡಿದುಕೊಂಡರೆ ಸಿಕ್ಕಿಬೀಳುತ್ತೀರಿ. ಬಾಟಲಿಯಲ್ಲಿ ಆಗಲೇ ಉಪ್ಪಿದೆ, ಅಂಚಿನಲ್ಲಿ ಉಪ್ಪಿದೆ, ವೂಸ್ಟರ್ ಸಾಸಿನಲ್ಲೂ ಇದೆ. ಒಳಗೆ ಮತ್ತೆ ಮೂರು ಸಲ ಉಪ್ಪು ಯಾಕೆ? ನಾನು ಉಪ್ಪು ಬಿಟ್ಟು ಬರೀ ಕರಿಮೆಣಸು ಕುಟ್ಟಿ ಹಾಕುತ್ತೇನೆ. ಪುಡಿ ಬೇಡ, ಆಗಷ್ಟೇ ಕುಟ್ಟಿದ ತರಿ ಇರಬೇಕು, ಹಲ್ಲಿಗೆ ಒಂದೊಂದು ಸಿಗಬೇಕು.

ಅಂಚಿಗೆ ಹಚ್ಚುವುದು ಸೆಲರಿ ಉಪ್ಪು. ಇದನ್ನು ಕೊಳ್ಳಬೇಡಿ, ಮಾಡಿಕೊಳ್ಳಿ. ಸೆಲರಿ ಬೀಜ ಬೇರೆಯಾಗಿ ಸಿಗುತ್ತದೆ, ನೋಡಲು ಓಮಕ್ಕಿಂತ ಸಣ್ಣ, ಬಣ್ಣ ಕಂದು. ಓಮ, ಜೀರಿಗೆ, ಕೊತ್ತಂಬರಿ ಎಲ್ಲ ಇದರ ದಾಯಾದಿಗಳೇ, ಒಂದೇ ಸಸ್ಯ ಕುಟುಂಬ. ಎರಡು ಚಮಚ ಬೀಜವನ್ನು ಬರೀ ಬಾಣಲೆಯಲ್ಲಿ ಬೆಚ್ಚಗಾಗುವಷ್ಟೇ ಹುರಿದು, ಒಂದು ಚಮಚ ಕಲ್ಲುಪ್ಪು ಸೇರಿಸಿ ಕುಟ್ಟಿ. ಜಾಸ್ತಿ ಹುರಿದರೆ ಕಹಿ ಬರುತ್ತದೆ, ನಾನು ಒಂದು ಸಲ ಫೋನ್ ನೋಡುತ್ತಾ ನಿಂತು ಪೂರ್ತಿ ಎಸೆದಿದ್ದೇನೆ. ಕುಟ್ಟುವಾಗಲೇ ಅಡುಗೆಮನೆ ತುಂಬ ಒಂದು ಹಸಿರು ವಾಸನೆ ಹರಡುತ್ತದೆ, ಸೊಪ್ಪು ಕೊಯ್ದ ಕೈಯ ವಾಸನೆ.

ಹಚ್ಚುವುದರಲ್ಲೂ ಒಂದು ಕ್ರಮ ಇದೆ. ಲಿಂಬೆ ತುಂಡನ್ನು ನಡುವೆ ಸೀಳಿ ಗ್ಲಾಸಿನ ಅಂಚಿಗೆ ಸಿಕ್ಕಿಸಿ ಸುತ್ತ ಎಳೆಯಿರಿ, ಆದರೆ ಹೊರಬದಿಗೆ ಮಾತ್ರ ಒತ್ತಿ. ಆಮೇಲೆ ಗ್ಲಾಸನ್ನು ತಟ್ಟೆಯಲ್ಲಿ ಬೋರಲು ಹಾಕಬೇಡಿ. ಓರೆಯಾಗಿ ಹಿಡಿದು ತಟ್ಟೆಯ ಮೇಲೆ ಉರುಳಿಸಿ. ಆಗ ಉಪ್ಪು ಹೊರಗೆ ಮಾತ್ರ ಅಂಟುತ್ತದೆ. ಬೋರಲು ಹಾಕಿದರೆ ಒಳಗೂ ಅಂಟಿ, ಕುಡಿಯುತ್ತಾ ಹೋದ ಹಾಗೆ ಒಳಗೆ ಬಿದ್ದು ಕೊನೆಯ ಗುಟುಕು ಸಮುದ್ರದ ನೀರೇ ಆಗುತ್ತದೆ. ನಾನು ಅರ್ಧ ಸುತ್ತಿಗೆ ಮಾತ್ರ ಹಚ್ಚುತ್ತೇನೆ. ಉಪ್ಪು ಬೇಕು ಅನ್ನಿಸಿದಾಗ ಆ ಕಡೆ, ಬೇಡ ಅನ್ನಿಸಿದಾಗ ಈ ಕಡೆ.

ಬೆರೆಸುವಾಗ ಶೇಕರ್ ಮುಟ್ಟಲೇಬೇಡಿ. ಟೊಮೇಟೊ ರಸವನ್ನು ಐಸ್ ಹಾಕಿ ಕುಲುಕಿದರೆ ನೊರೆ ಬರುತ್ತದೆ, ರಸ ತೆಳುವಾಗುತ್ತದೆ, ಬಣ್ಣ ಗುಲಾಬಿಗೆ ತಿರುಗುತ್ತದೆ. ಬಾರಿನವರು ಒಂದು ಗ್ಲಾಸಿನಿಂದ ಇನ್ನೊಂದಕ್ಕೆ ಸುರಿದು, ಅದರಿಂದ ಇದಕ್ಕೆ ಸುರಿದು ಬೆರೆಸುತ್ತಾರೆ. ಅದಕ್ಕೆ ದೊಡ್ಡ ಹೆಸರೆಲ್ಲ ಇಟ್ಟುಕೊಂಡಿದ್ದಾರೆ, ನಮಗೆ ಅದು ಕಾಫಿ ಆರಿಸುವುದು, ಅಷ್ಟೇ ಅಲ್ವಾ. ಬಟ್ಟಲು ಲೋಟದಲ್ಲಿ ನಾಲ್ಕು ಸಲ ಮೇಲೆ ಕೆಳಗೆ ಮಾಡಿ. ಎತ್ತರದಿಂದ ಬೇಡ, ನೊರೆ ಇಲ್ಲಿ ಬೇಕಾಗಿಲ್ಲ.

ಐಸ್ ವಿಷಯದಲ್ಲಿ ಜಿಪುಣತನ ಬೇಡ. ಗ್ಲಾಸ್ ತುಂಬ ದೊಡ್ಡ ದೊಡ್ಡ ತುಂಡು ಹಾಕಿ. ಕಮ್ಮಿ ಐಸ್ ಹಾಕಿದರೆ ನೀರು ಕಮ್ಮಿಯಾಗುತ್ತದೆ ಅಂತ ಅಂದುಕೊಳ್ಳುತ್ತೇವೆ, ಆಗುವುದು ಉಲ್ಟಾ. ನಾಲ್ಕೇ ತುಂಡಾದರೆ ಬೇಗ ಕರಗಿ ಹೋಗುತ್ತವೆ. ವೋಡ್ಕಾ, ಬಾಟಲಿ, ಗ್ಲಾಸ್ ಮೂರೂ ಮೊದಲೇ ತಣ್ಣಗಿದ್ದರೆ ಅರ್ಧ ಗೆದ್ದ ಹಾಗೆ. ವೋಡ್ಕಾಗೆ ದುಬಾರಿಯದು ಬೇಡ. ಇಷ್ಟು ಮಸಾಲೆಯ ನಡುವೆ ಅದರ ನಾಜೂಕು ಯಾರಿಗೂ ಕಾಣುವುದಿಲ್ಲ. ಕ್ಯಾಲ್ಗರಿ ಇರುವ ಅಲ್ಬರ್ಟಾ ಪ್ರಾಂತ್ಯದಲ್ಲಿ 1993ರಿಂದ ಮದ್ಯದಂಗಡಿಗಳು ಖಾಸಗಿಯವರ ಕೈಯಲ್ಲಿವೆ, ಅಂಗಡಿಯಿಂದ ಅಂಗಡಿಗೆ ಬೆಲೆ ಬೇರೆ. ಹಾಗಾಗಿ ಸೇಲ್ ನೋಡಿ ತಂದರಾಯಿತು. ಒಂದು ಲೆಕ್ಕ: 750 ಮಿಲಿಲೀಟರ್ ವೋಡ್ಕಾದಲ್ಲಿ 25 ಗ್ಲಾಸ್, ಕ್ಲಮಾಟೊ ದೊಡ್ಡ ಬಾಟಲಿಯಲ್ಲಿ ಹನ್ನೆರಡು ಚಿಲ್ಲರೆ ಗ್ಲಾಸ್. ಒಂದಕ್ಕೆ ಎರಡು ತಂದರೆ ಎರಡೂ ಒಟ್ಟಿಗೆ ಖಾಲಿ. ಔನ್ಸ್ ಲೆಕ್ಕದಲ್ಲೇ ಇರಿ. ಮಸಾಲೆಯ ಅಡಿಯಲ್ಲಿ ವೋಡ್ಕಾ ಗೊತ್ತೇ ಆಗುವುದಿಲ್ಲ, ಅದಕ್ಕೇ ಕೈ ತಪ್ಪಿ ಎರಡು ಮೂರು ಪಟ್ಟು ಬೀಳುವುದು. ಕೆನಡಾದ ಲೆಕ್ಕದಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂದರೆ ಶೇಕಡಾ 40ರ ಮದ್ಯದಲ್ಲಿ 43 ಮಿಲಿಲೀಟರ್.

ಲಿಂಬೆ ಕೊನೆಗೆ. ಎಲ್ಲ ಬೆರೆಸಿ, ಒಂದು ಚಮಚ ನಾಲಿಗೆಗೆ ಹಾಕಿ ನೋಡಿ, ಆಮೇಲೆ ಹಿಂಡಿ. ಇದೇ ನಾನು ಹೇಳುತ್ತಿದ್ದ ಸಾರಿನ ಕ್ರಮ. ಸಿಹಿ ಎದ್ದು ಕಾಣುತ್ತಿದ್ದರೆ ಲಿಂಬೆ, ಚಪ್ಪೆ ಅನ್ನಿಸಿದರೆ ಇನ್ನೆರಡು ತೊಟ್ಟು ವೂಸ್ಟರ್, ಗಂಟಲಲ್ಲಿ ಕಿಡಿ ಇಲ್ಲ ಅನ್ನಿಸಿದರೆ ಖಾರದ ಸಾಸ್ ಅಥವಾ ತುರಿದ ಹಾರ್ಸ್‌ರ್ಯಾಡಿಶ್ ಬೇರು ಕಾಲು ಚಮಚ. ಹಾರ್ಸ್‌ರ್ಯಾಡಿಶ್ ಖಾರ ನಾಲಿಗೆಗೆ ಹೋಗದೆ ಸೀದಾ ಮೂಗಿಗೆ ಏರುತ್ತದೆ, ಸಾಸಿವೆ ಅರೆದ ಹಾಗೆ. ಚಳಿಗಾಲದ ಮಧ್ಯಾಹ್ನಕ್ಕೆ ಅದು ಹಿತ. ಉಪ್ಪುನೀರಿನಲ್ಲಿ ಹಾಕಿಟ್ಟ ಬೀನ್ಸ್ ಬಾಟಲಿ ಇದ್ದರೆ ಒಂದು ಬೀನ್ಸ್ ಗ್ಲಾಸಿಗೆ ಸಿಕ್ಕಿಸಿ, ಆ ನೀರನ್ನೂ ಒಂದು ಚಮಚ ಒಳಗೆ ಬಿಡಿ. ಸೆಲರಿ ದಂಟಿಗಿಂತ ನನಗೆ ಇದೇ ಇಷ್ಟ. ಸಾರು ಅಂದ ಮೇಲೆ ಇಂಗು ಬೇಡವಾ ಅಂತ ಒಂದು ದಿನ ಚಿಟಿಕೆ ಇಂಗೂ ಹಾಕಿ ನೋಡಿದೆ. ಹಾಕಬೇಡಿ. ಸಿಂಕಿಗೆ ಸುರಿದೆ, ಗ್ಲಾಸಿನ ವಾಸನೆ ಹೋಗಲು ಎರಡು ದಿನ ಬೇಕಾಯಿತು.

ಇಷ್ಟೆಲ್ಲ ಆದ ಮೇಲೆ ನನಗೆ ಒಂದು ಹುಳ ಹೊಕ್ಕಿತು. ಬಾಟಲಿ ಯಾಕೆ, ಶೆಲ್ ಅವರ ಹಾಗೆ ನಾನೇ ಕ್ಲಾಮ್ ಸಾರು ತೆಗೆದರೆ?

ಒಂದು ಕಿಲೋ ಮನಿಲಾ ಕ್ಲಾಮ್ ತಂದೆ, ಬಲೆ ಚೀಲದಲ್ಲಿ ಜೀವಂತ ಸಿಗುತ್ತವೆ. ಹೆಸರು ಮನಿಲಾ, ಬರುವುದು ಪಕ್ಕದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕರಾವಳಿಯಿಂದ, ಮೂಲ ಜಪಾನಿನ ಕಡೆ. 1930ರ ದಶಕದಲ್ಲಿ ಸಿಂಪಿ ಸಾಕಲು ಜಪಾನಿನಿಂದ ಮರಿಸಿಂಪಿ ತರಿಸಿದಾಗ ಅದರ ಜೊತೆ ಟಿಕೆಟ್ ಇಲ್ಲದೆ ಬಂದು ನೆಲೆಸಿದವು. ಉಪ್ಪುನೀರಿನಲ್ಲಿ ಒಂದು ಗಂಟೆ ಬಿಟ್ಟೆ, ಮರಳು ಉಗುಳಲಿ ಅಂತ. ಪಾತ್ರೆ ಪಕ್ಕ ಸುಮ್ನೆ ನಿಂತು ನೋಡುತ್ತಿದ್ದರೆ ಒಂದೊಂದೇ ಚಿಪ್ಪು ಬೆರಳಿನಷ್ಟು ಬಾಯಿ ತೆರೆದು ಎರಡು ಸಣ್ಣ ಕೊಳವೆ ಹೊರಹಾಕುತ್ತದೆ. ಬೆರಳು ತಾಗಿಸಿದರೆ ಟಪ್ ಅಂತ ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚಿಕೊಳ್ಳದೆ ಬಾಯಿ ಬಿಟ್ಟುಕೊಂಡೇ ಇರುವುದು ಸತ್ತದ್ದು, ಅದನ್ನು ತೆಗೆದು ಎಸೆಯಬೇಕು. ಬೆಂದ ಮೇಲೂ ತೆರೆಯದಿದ್ದರೆ ಅದನ್ನೂ ತಿನ್ನಬಾರದು. ಕರಾವಳಿಗೆ ಪ್ರವಾಸ ಹೋದವರು ತಾವೇ ಮರಳಿನಲ್ಲಿ ಬಗೆದು ತರುವ ಆಸೆ ಇದ್ದರೆ ಮೊದಲು ಆ ಜಾಗ ಚಿಪ್ಪು ಹಿಡಿಯಲು ತೆರೆದಿದೆಯೇ ಅಂತ ಸರ್ಕಾರದ ಪ್ರಕಟಣೆ ನೋಡಿಕೊಳ್ಳಿ. ಕೆಲವು ಕಾಲದಲ್ಲಿ ಪಾಚಿಯ ವಿಷ ಚಿಪ್ಪಿನಲ್ಲಿ ಸೇರಿರುತ್ತದೆ, ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ.

ಅರ್ಧ ಲೋಟ ನೀರು ಹಾಕಿ ಮುಚ್ಚಿ ಬೇಯಿಸಿದೆ. ಐದಾರು ನಿಮಿಷದಲ್ಲಿ ಎಲ್ಲ ಬಾಯಿ ತೆರೆದವು. ತಳದಲ್ಲಿ ಉಳಿದ ಸಾರು ಮಬ್ಬು ಬಿಳಿ, ಅಕ್ಕಿ ತೊಳೆದ ನೀರಿನ ಹಾಗೆ. ಬಟ್ಟೆಯಲ್ಲಿ ಸೋಸಿದೆ. ಸೋಸಿದರೂ ತಳದಲ್ಲಿ ಒಂದು ಗೆರೆ ಮರಳು ಕೂತಿತು, ಮತ್ತೆ ಸೋಸಿದೆ. ಇದನ್ನು ಉಪ್ಪಿಲ್ಲದ ಟೊಮೇಟೊ ರಸಕ್ಕೆ ಒಂದಕ್ಕೆ ಮೂರು ಬೆರೆಸಿ, ಫ್ರಿಜ್ಜಿನಲ್ಲಿಟ್ಟು, ಸಂಜೆ ದೊಡ್ಡ ಆಸೆಯಿಂದ ಕುಡಿದು ನೋಡಿದರೆ ಮರುವಾಯಿ ತೊಳೆದ ನೀರಿಗೆ ಟೊಮೇಟೊ ಬಿದ್ದ ಹಾಗಿತ್ತು.

ಬೇಜಾರಾಯಿತು. ಆಮೇಲೆ ಲೇಬಲ್ ನೆನಪಾಯಿತು. ಅರ್ಧ ಚಮಚ ಸಕ್ಕರೆ ಹಾಕಿದೆ, ಸ್ವಲ್ಪ ಎದ್ದಿತು. ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ ಒಂದೊಂದು ಚಿಟಿಕೆ, ಇನ್ನೂ ಎದ್ದಿತು. ಕೊನೆಗೆ ಎರಡು ಬೆರಳ ತುದಿಯಲ್ಲಿ ಹಿಡಿದಷ್ಟು ಎಂಎಸ್‌ಜಿ ಹಾಕಿದ ಮೇಲೆ ಅದು ಸೀಸರಿನ ಹಾದಿಗೆ ಬಂತು. ಬಾಟಲಿಯವರು ಸಿಹಿ ಮತ್ತು ಎಂಎಸ್‌ಜಿ ಹಾಕಿರುವುದು ಸೋಮಾರಿತನಕ್ಕೆ ಅಂತ ನಾನು ತಿಳಿದಿದ್ದೆ. ಅದು ತಪ್ಪು. ಅವಿಲ್ಲದೆ ತಣ್ಣಗಿನ ಟೊಮೇಟೊ ರಸ ನಾಲಿಗೆ ಮೇಲೆ ನಿಲ್ಲುವುದಿಲ್ಲ, ಯಾಕೆಂದರೆ ತಣ್ಣಗಾದಷ್ಟೂ ರುಚಿ ಮಂಕಾಗುತ್ತದೆ. ಬಿಸಿ ಸಾರು ಸರಿಯಾಗಿದ್ದರೂ ಅದೇ ಸಾರು ಫ್ರಿಜ್ಜಿನಿಂದ ತೆಗೆದು ತಿಂದರೆ ಉಪ್ಪು ಕಮ್ಮಿ ಅನ್ನಿಸುತ್ತದಲ್ಲ, ಹಾಗೆ.

ಮಾರನೆಯ ದಿನ ಹೆಂಡತಿ ಮತ್ತು ಪಕ್ಕದ ಮನೆಯ ಸ್ನೇಹಿತನನ್ನು ಕೂರಿಸಿ ಮೂರು ಗ್ಲಾಸ್ ಇಟ್ಟೆ, ಯಾವುದು ಯಾವುದು ಅಂತ ಹೇಳಲಿಲ್ಲ. ಒಂದು ಬರೀ ಬಾಟಲಿಯದು. ಒಂದು ಪೂರ್ತಿ ಮನೆಯದು. ಇನ್ನೊಂದು ಬಾಟಲಿಯ ರಸಕ್ಕೆ ಎರಡು ದೊಡ್ಡ ಚಮಚ ಮನೆಯ ಕ್ಲಾಮ್ ಸಾರು ಸೇರಿಸಿದ್ದು. ಇಬ್ಬರೂ ಮೂರನೆಯದನ್ನೇ ಎತ್ತಿಕೊಂಡರು, ಎರಡನೆಯದನ್ನು ಅರ್ಧಕ್ಕೇ ಬಿಟ್ಟರು. ನನಗೂ ಅದೇ ಸರಿ ಅನ್ನಿಸಿತು. ಸಾರು ಸೇರಿದಾಗ ಬಾಟಲಿಯ ಸಿಹಿ ಹಿಂದೆ ಸರಿಯುತ್ತದೆ, ಆ ಚಿಪ್ಪಿನ ರುಚಿ ಮುಂದೆ ಬರುತ್ತದೆ. ಈಗ ತಿಂಗಳಿಗೊಂದು ಸಲ ಕ್ಲಾಮ್ ತಂದಾಗ ಸಾರನ್ನು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಡುತ್ತೇನೆ, ಒಂದು ಗ್ಲಾಸಿಗೆ ಒಂದು ತುಂಡು. ಕರಗಿದರೂ ನೀರಾಗುವುದಿಲ್ಲ, ರುಚಿಯೇ ಏರುತ್ತದೆ. ಇಷ್ಟು ಪಾಡು ಬೇಡ ಅನ್ನುವವರಿಗೆ ಡಬ್ಬಿ ಕ್ಲಾಮಿನ ನೀರೂ ನಡೆಯುತ್ತದೆ, ಉಪ್ಪು ನೋಡಿಕೊಳ್ಳಿ. ಬೆಂದ ಕ್ಲಾಮ್ ಅವತ್ತು ರಾತ್ರಿ ಬೆಳ್ಳುಳ್ಳಿ, ಆಲಿವ್ ಎಣ್ಣೆ, ಸ್ಪಗೆಟಿ ಜೊತೆ ಹೋಯಿತು. ತಿನ್ನುವಾಗ ಹೊಳೆಯಿತು, ಶೆಲ್ ಅವರು ಶುರು ಮಾಡಿದ ತಟ್ಟೆಗೆ ನಾನು ಹಿಂದಿನಿಂದ ಬಂದು ಸೇರಿದ್ದೆ.

ಕ್ಲಮಾಟೊ ಬಿಟ್ಟರೆ ಬೇರೆ ಇಲ್ಲವೇ ಅಂದರೆ ಇದೆ. ವಾಲ್ಟರ್ ಅಂತ ಒಂದು, ಶೆಲ್ ಅವರ ಹೆಸರೇ. ಗಾಜಿನ ಬಾಟಲಿ, ಎಂಎಸ್‌ಜಿ ಇಲ್ಲ, ಟೊಮೇಟೊ ದಪ್ಪ, ಮಸಾಲೆ ಮೊದಲೇ ಜೋರಾಗಿ ಬೆರೆಸಿರುತ್ತಾರೆ. ಬೆಲೆ ಕ್ಲಮಾಟೊಗಿಂತ ಬಹಳ ಮೇಲೆ. ನೆಂಟರು ಬಂದ ದಿನ, ಬೆರೆಸುವ ತಾಳ್ಮೆ ಇಲ್ಲದ ದಿನ ಅದು ಚೆಂದ, ವೋಡ್ಕಾ ಸುರಿದರೆ ಮುಗಿಯಿತು. ನನ್ನಂಥವನಿಗೆ ಅದರಲ್ಲಿ ಕೈಯಾಡಿಸಲು ಜಾಗ ಕಮ್ಮಿ. ಅವರದು ಕ್ಲಾಮ್ ಇಲ್ಲದ ಸಸ್ಯಾಹಾರಿ ಬಾಟಲಿಯೂ ಇದೆ. ಸಸ್ಯಾಹಾರಿಗಳು ಅದನ್ನು ತಂದು, ಮೇಲೆ ಮಾಮೂಲಿ ವೂಸ್ಟರ್ ಸಾಸ್ ಚಿಮುಕಿಸಿ ಕೆಡಿಸಿಕೊಳ್ಳಬೇಡಿ. ಮೇಲೆ ಹೇಳಿದೆನಲ್ಲ, ಅದರಲ್ಲಿ ಮೀನಿದೆ. ಚಿಪ್ಪಿನ ಅಲರ್ಜಿ ಇರುವ ಅತಿಥಿಗೆ ಕ್ಲಮಾಟೊವನ್ನು ಬರೀ ಟೊಮೇಟೊ ಜ್ಯೂಸು ಅಂತ ಕೊಟ್ಟುಬಿಡುವ ಅಪಾಯವೂ ಇದೆ, ನೋಡಲು ಎರಡೂ ಒಂದೇ. ಕೇಳಿ ಕೊಡಿ.

ಹೆಂಡತಿ ವೋಡ್ಕಾ ಇಲ್ಲದೆ ಕುಡಿಯುತ್ತಾಳೆ. ಇಲ್ಲಿ ಅದಕ್ಕೆ ವರ್ಜಿನ್ ಸೀಸರ್ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಹತ್ತರಲ್ಲಿ ಎಂಟು ಪಾಲು ರುಚಿ ಅದರಲ್ಲೇ ಬರುತ್ತದೆ, ಲಿಂಬೆ ಮಾತ್ರ ಸ್ವಲ್ಪ ಮುಂದಾಗಿರಲಿ. ಇನ್ನು ಅಲ್ಬರ್ಟಾದವರ ಇನ್ನೊಂದು ಚಟ ಬಿಯರಿಗೆ ಕ್ಲಮಾಟೊ ಸುರಿಯುವುದು, ಹೆಸರು ರೆಡ್ ಐ. ತೆಳು ಲಾಗರ್ ಆದರೆ ಸರಿ, ಕಹಿ ಬಿಯರ್ ಆದರೆ ಎರಡೂ ಜಗಳವಾಡುತ್ತವೆ. ಜುಲೈನಲ್ಲಿ ಇಲ್ಲಿ ನಡೆಯುವ ಸ್ಟಾಂಪೀಡ್ ಜಾತ್ರೆಯ ಹತ್ತು ದಿನ ಬೆಳಗ್ಗೆಯ ಪ್ಯಾನ್‌ಕೇಕ್ ಜೊತೆಯೇ ಇವೆಲ್ಲ ಶುರುವಾಗುತ್ತದೆ. ನಾನು ಅಷ್ಟು ಬೆಳಗ್ಗೆ ಕಾಫಿಯವನು.

ದುಡ್ಡಿನ ಲೆಕ್ಕ ಬೇಗ ಮುಗಿಸುತ್ತೇನೆ. ದೊಡ್ಡ ಬಾಟಲಿ ನನಗೆ ಐದಾರು ಡಾಲರಿಗೆ ಸಿಗುತ್ತದೆ, ವೋಡ್ಕಾ ಸೇರಿಸಿದರೂ ಮನೆಯ ಗ್ಲಾಸ್ ಒಂದೂವರೆ ಎರಡು ಡಾಲರ್ ದಾಟುವುದಿಲ್ಲ. ಅಂಕ ಕೊಡಬೇಕೆಂದರೆ, ಐದಕ್ಕೆ ಬಾಟಲಿಗೆ ಮೂರೂವರೆ ಕೊಡುತ್ತೇನೆ, ಒಳ್ಳೆಯ ಕೈ ಬಿದ್ದ ಗ್ಲಾಸಿಗೆ ನಾಲ್ಕೂವರೆ. ಉಳಿದ ಅರ್ಧ ಆ ಸಿಹಿಗೆ ಕಡಿತ. ತೆರೆದ ಬಾಟಲಿ ಫ್ರಿಜ್ಜಿನಲ್ಲೇ ಇರಲಿ, ಸುರಿಯುವ ಮುಂಚೆ ಒಂದು ಸಲ ತಿರುವಿ ಅಲುಗಾಡಿಸಿ. ತಳದಲ್ಲಿ ಕೂತ ಗಷ್ಟದಲ್ಲೇ ಮಸಾಲೆ ಇರುತ್ತದೆ, ಸಾರಿನ ಪಾತ್ರೆಯ ಹಾಗೇ. ಖಾಲಿಯಾದ ಮೇಲೆ ಎಸೆಯಬೇಡಿ. ಒಂದು ಲೀಟರಿಗಿಂತ ದೊಡ್ಡ ಬಾಟಲಿಗೆ ಅಲ್ಬರ್ಟಾದ ಡಿಪೋದಲ್ಲಿ 25 ಸೆಂಟ್ಸ್ ವಾಪಸ್ ಕೊಡುತ್ತಾರೆ. ನಮ್ಮ ಗರಾಜಿನಲ್ಲಿ ಈಗ ಒಂದು ಚೀಲ ತುಂಬಿದೆ.